ಒತ್ತಿದ ಹೊಗೆಸೊಪ್ಪಿಗೆ ತಕ್ಕ ಪೈಪು: ಬೆಲೆ ಹೊರಗೆ, ಗುಣ ಒಳಗೆ

'ನೇವಿ ಕಟ್' ಎಂಬ ಎರಡು ಪದಗಳು ಭಾರತದ ಓದುಗರಿಗೆ ಹೊಸವಲ್ಲ. ಬೀಡಾ ಅಂಗಡಿಗಳ ಫಲಕಗಳ ಮೇಲೆ, ಪತ್ರಿಕೆಗಳ ಪುಟ ತುಂಬುವ ಜಾಹೀರಾತುಗಳಲ್ಲಿ, ಸಿಗರೇಟು ಪೊಟ್ಟಣಗಳ ಮೇಲೆ ದಶಕಗಳ ಕಾಲ ಈ ಹೆಸರು ರಾರಾಜಿಸಿತ್ತು. ಆದರೆ ಅಲ್ಲಿ ಕತ್ತರಿಸಿದ್ದು ಏನನ್ನು, ಅದಕ್ಕೂ ನೌಕಾಪಡೆಗೂ ಏನು ಸಂಬಂಧ ಎಂದು ಕೇಳಿದವರು ವಿರಳ. ವಾಸ್ತವವಾಗಿ ಈ ಹೆಸರು ಹುಟ್ಟಿದ್ದು ಸಿಗರೇಟಿಗಾಗಿ ಅಲ್ಲ. ಎಲೆಗಳನ್ನು ಒಂದರ ಮೇಲೊಂದು ಒತ್ತಿ, ಗಟ್ಟಿ ಅಚ್ಚಾಗಿಸಿ, ಚಾಕುವಿನಿಂದ ತೆಳ್ಳಗೆ ಸೀಳಿದ ಪೈಪು ತಂಬಾಕಿನ ಹೆಸರದು.

ಹಾಯಿಹಡಗುಗಳ ಕಾಲದಲ್ಲಿ ಬ್ರಿಟಿಷ್ ನಾವಿಕರು ತಮಗೆ ದೊರೆತ ಎಲೆಯನ್ನು ರಮ್ ಅಥವಾ ಕಾಕಂಬಿಯಿಂದ ತೇವಗೊಳಿಸಿ, ಉರುಳೆಯಾಗಿ ಸುತ್ತಿ, ಕ್ಯಾನ್ವಾಸ್ ಬಟ್ಟೆ ಹೊದಿಸಿ, ಹಗ್ಗದಿಂದ ಬಿಗಿದು ಇಡುತ್ತಿದ್ದರು. ವಾರಗಳು ಕಳೆದ ಮೇಲೆ ಅದು ಮರದ ತುಂಡಿನಂತೆ ಗಟ್ಟಿಯಾಗುತ್ತಿತ್ತು. ಬೇಕಾದಾಗ ಅಡ್ಡಲಾಗಿ ಒಂದು ಬಿಲ್ಲೆ ಕತ್ತರಿಸಿಕೊಂಡರೆ ಸೇದಲೂ ಆಯಿತು, ಜಗಿಯಲೂ ಆಯಿತು. ಇದೇ ನೇವಿ ಕಟ್‌ನ ಮೂಲ ಎಂಬುದು ಪ್ರಚಲಿತ ವಿವರಣೆ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂನ ಪ್ಲೇಯರ್ಸ್ ಮತ್ತು ಬ್ರಿಸ್ಟಲ್‌ನ ವಿಲ್ಸ್ ಸಂಸ್ಥೆಗಳು ಈ ಹೆಸರನ್ನು ವಾಣಿಜ್ಯಕ್ಕೆ ತಂದವು. ಬಳಿಕ ಅದು ಸಿಗರೇಟಿನ ಮೈಗೂ ಅಂಟಿಕೊಂಡಿತು. ಸಿಗರೇಟಿನಲ್ಲಿ ಉಳಿದದ್ದು ಹೆಸರು ಮಾತ್ರ. ವಸ್ತು ಉಳಿದದ್ದು ಪೈಪಿನಲ್ಲಿ.

ಆ ವಸ್ತು ಇಂದಿಗೂ ಇಂಗ್ಲೆಂಡ್, ಡೆನ್ಮಾರ್ಕ್, ಜರ್ಮನಿ, ಅಮೆರಿಕಗಳಲ್ಲಿ ತಯಾರಾಗುತ್ತಿದೆ. ಪೈಪು ಸೇದುವವರ ಬಳಗದಲ್ಲಿ ಅದಕ್ಕೆ 'ಫ್ಲೇಕ್', ಅಂದರೆ ಚಕ್ಕೆ, ಎಂಬ ಹೆಸರು. ಈ ಚಕ್ಕೆಯನ್ನು ಸೇದಲೆಂದೇ ಕೈಯಿಂದ ಪೈಪು ಕೆತ್ತುವ ಕುಶಲಕರ್ಮಿಗಳಿದ್ದಾರೆ. ಅವರ ಪೈಪುಗಳಿಗೆ ಕೆಲವು ನೂರು ಡಾಲರುಗಳಿಂದ ಹಿಡಿದು ಸಾವಿರಾರು ಡಾಲರು ತೆರುವ ಗಿರಾಕಿಗಳೂ ಇದ್ದಾರೆ. ಒಂದು ಹಿಡಿಯಷ್ಟಿರುವ ಮರದ ತುಂಡಿಗೆ ಇಷ್ಟು ಬೆಲೆ ಏಕೆ? ಒತ್ತಿದ ತಂಬಾಕಿಗೆ ಬೇರೆಯದೇ ಪೈಪು ಬೇಕೆ? ಈ ಪ್ರಶ್ನೆಗಳಿಗೆ ಉತ್ತರ ಪೈಪಿನ ಹೊರಮೈಯ ಹೊಳಪಿನಲ್ಲಿ ಇಲ್ಲ. ಅದರೊಳಗೆ ಕೊರೆದ ಎರಡು ರಂಧ್ರಗಳಲ್ಲಿದೆ.

ಎಲೆಯಿಂದ ಅಚ್ಚಿಗೆ

ಚಕ್ಕೆ ತಂಬಾಕಿನ ಬಹುಪಾಲು ಮಿಶ್ರಣಗಳಿಗೆ ಆಧಾರ ವರ್ಜೀನಿಯಾ ಎಲೆ. ಇದು ಕರ್ನಾಟಕಕ್ಕೆ ಅಪರಿಚಿತವಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಭಾಗದ ರೈತರು ಬೆಳೆದು, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ಯುವುದು ಇದೇ ಜಾತಿಯ ಎಲೆಯನ್ನು. ಆ ಭಾಗದ ಹೊಲಗಳ ಅಂಚಿನಲ್ಲಿ ಎತ್ತರದ ಗೋಡೆಗಳ 'ಬ್ಯಾರನ್'ಗಳು ಕಾಣುತ್ತವೆ. ಹಸಿ ಎಲೆಯನ್ನು ಕಡ್ಡಿಗಳಿಗೆ ಪೋಣಿಸಿ ಇವುಗಳಲ್ಲಿ ತೂಗುಹಾಕಿ, ಕೊಳವೆಗಳ ಮೂಲಕ ಶಾಖ ಹರಿಸಿ ಹದ ಮಾಡಲಾಗುತ್ತದೆ. ಹೊಗೆ ಎಲೆಯನ್ನು ಸೋಕುವುದಿಲ್ಲ; ಬಿಸಿ ಮಾತ್ರ ಸೋಕುತ್ತದೆ.

ಈ ಹದದಲ್ಲಿಯೇ ಚಕ್ಕೆಯ ಗುಣದ ಬೀಜವಿದೆ. ಆರಂಭದ ಮಂದ ಶಾಖದಲ್ಲಿ ಎಲೆ ಹಳದಿಗೆ ತಿರುಗುವಾಗ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ನಂತರ ಶಾಖವನ್ನು ಹಂತಹಂತವಾಗಿ ಏರಿಸಿ ಎಲೆಯನ್ನು ಒಣಗಿಸಿದಾಗ ಆ ಸಕ್ಕರೆ ಹಾಗೆಯೇ ಉಳಿದುಬಿಡುತ್ತದೆ. ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ಒಣಗುವ ಬರ್ಲಿ ಎಲೆಯಲ್ಲಾದರೋ ಸಕ್ಕರೆ ಬಹುತೇಕ ಕರಗಿಹೋಗಿರುತ್ತದೆ. ವರ್ಜೀನಿಯಾ ತಂಬಾಕು ಸಿಹಿ ಎನಿಸುವುದಕ್ಕೂ, ಆತುರದಿಂದ ಸೇದಿದವನ ನಾಲಿಗೆಯನ್ನು ಚುರುಗುಟ್ಟಿಸುವುದಕ್ಕೂ ಕಾರಣ ಒಂದೇ.

ಅಚ್ಚಿನ ತಯಾರಿ ಕೇಳಲು ಸರಳ. ನಡುನಾರು ತೆಗೆದ ಎಲೆಗಳನ್ನು ಹಬೆಯಿಂದ ತೇವಗೊಳಿಸಿ ಮೆದುವಾಗಿಸುತ್ತಾರೆ. ಚೌಕಟ್ಟಿನೊಳಗೆ ಪದರ ಪದರವಾಗಿ ಜೋಡಿಸಿ ಭಾರೀ ಒತ್ತಡದಡಿ ಇಡುತ್ತಾರೆ. ಕೆಲವೆಡೆ ಶಾಖವನ್ನೂ ಕೊಡುತ್ತಾರೆ. ಒತ್ತಡ ಮತ್ತು ಬಿಸಿಯಲ್ಲಿ ಎಲೆಗಳ ರಸಗಳು ಒಂದರೊಳಗೊಂದು ಇಳಿಯುತ್ತವೆ, ಬಣ್ಣ ಹೊಂಬಣ್ಣದಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ಜಾರುತ್ತದೆ, ಹುಲ್ಲಿನಂಥ ಹಸಿವಾಸನೆ ಹೋಗಿ ಒಣದ್ರಾಕ್ಷಿಯ ಬಗೆಯ ಕಂಪು ಬರುತ್ತದೆ. ಹೀಗೆ ಸಿದ್ಧವಾದ ಇಟ್ಟಿಗೆಯಂಥ ಅಚ್ಚನ್ನು ಒಂದೆರಡು ಮಿಲಿಮೀಟರ್ ದಪ್ಪದ ಚಕ್ಕೆಗಳಾಗಿ ಸೀಳುತ್ತಾರೆ.

ಇಂಗ್ಲೆಂಡಿನ ಉತ್ತರದ ಸರೋವರ ಪ್ರದೇಶದಲ್ಲಿರುವ ಕೆಂಡಲ್ ಎಂಬ ಪಟ್ಟಣ ಈ ಕಸುಬಿಗೆ ಹೆಸರುವಾಸಿ. 1792ರಷ್ಟು ಹಿಂದಿನ ಇತಿಹಾಸ ಹೇಳಿಕೊಳ್ಳುವ ಸ್ಯಾಮ್ಯುಯೆಲ್ ಗಾವಿತ್ ಸಂಸ್ಥೆಯೂ, ಅದೇ ಮನೆತನದಿಂದ ಕವಲೊಡೆದ ಗಾವಿತ್ ಹಾಗರ್ತ್ ಸಂಸ್ಥೆಯೂ ಇದೇ ಊರಿನವು. ಬಹುಕಾಲ ಪ್ರತಿಸ್ಪರ್ಧಿಗಳಾಗಿದ್ದ ಇವೆರಡೂ 2015ರಲ್ಲಿ ಒಂದಾದವು. ಕೆಂಡಲ್‌ನ ಚಕ್ಕೆಗಳು ಅಗಲ, ದಪ್ಪ ಮತ್ತು ಕೈಗೆ ಅಂಟುವಷ್ಟು ತೇವ. ಡೆನ್ಮಾರ್ಕ್‌ನ ಚಕ್ಕೆಗಳು ತೆಳು, ಒಪ್ಪ, ಸ್ವಲ್ಪ ಒಣ. ಹಡಗಿನ ಉರುಳೆಯ ನೆನಪನ್ನು ಇನ್ನೂ ಉಳಿಸಿಕೊಂಡಿರುವ ನಾಣ್ಯದಾಕಾರದ ಬಿಲ್ಲೆಗಳೂ ಮಾರುಕಟ್ಟೆಯಲ್ಲಿವೆ. ಇವುಗಳಲ್ಲಿ ಕೆಲವಕ್ಕೆ ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಪ್ರಾಂತದಲ್ಲಿ ಪೀಪಾಯಿಗಳಲ್ಲಿ ಒತ್ತಿ ಹುದುಗಿಸಿದ ಪೆರೀಕ್ ಎಂಬ ಖಾರದ ಎಲೆಯನ್ನು ಬೆರೆಸುವುದುಂಟು.

ಬಟ್ಟಲಿನಲ್ಲಿ ಏನಾಗುತ್ತದೆ?

ಸಡಿಲವಾಗಿ ಕತ್ತರಿಸಿದ ತಂಬಾಕನ್ನೂ ಚಕ್ಕೆಯನ್ನೂ ಒಂದೇ ಪೈಪಿನಲ್ಲಿ ಉರಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಒಣ ತರಗೆಲೆಗೂ ಸೌದೆ ತುಂಡಿಗೂ ಇರುವ ವ್ಯತ್ಯಾಸವದು. ತರಗೆಲೆ ಬೇಗ ಹೊತ್ತಿ ಬೇಗ ಮುಗಿಯುತ್ತದೆ. ಸೌದೆ ಹೊತ್ತುವುದು ನಿಧಾನ, ಆದರೆ ಕೆಂಡ ನಿಲ್ಲುತ್ತದೆ. ಒತ್ತಿದ ತಂಬಾಕಿನಲ್ಲಿ ಅಷ್ಟೇ ಜಾಗದಲ್ಲಿ ಹೆಚ್ಚು ಎಲೆ ಇರುತ್ತದೆ, ನಡುವೆ ಗಾಳಿ ಕಡಿಮೆ, ತೇವ ಹೆಚ್ಚು. ಬೆಂಕಿ ತಗುಲಿದೊಡನೆ ಅದು ಬಿಗಿ ಸಡಿಲಿಸಿಕೊಂಡು ಉಬ್ಬುತ್ತದೆ. ತುಂಬುವಾಗ ಹದವಾಗಿದ್ದ ಬಟ್ಟಲು ಐದು ನಿಮಿಷದಲ್ಲಿ ಬಿಗಿದುಕೊಳ್ಳುವುದು ಇದರಿಂದಲೇ.

ಹೊಸಬರ ದೂರುಗಳು ಎಲ್ಲೆಡೆಯೂ ಒಂದೇ ತೆರನಾದವು: ಪದೇ ಪದೇ ಆರುತ್ತದೆ, ಒಳಗೆ ನೀರು ಕುದಿದಂತೆ ಗುಳುಗುಳು ಸದ್ದಾಗುತ್ತದೆ, ನಾಲಿಗೆ ಉರಿಯುತ್ತದೆ. ಮೂರಕ್ಕೂ ಬೇರು ಒಂದೇ. ಆರಿಹೋದೀತೆಂಬ ಭಯದಲ್ಲಿ ಸೇದುಗ ಜೋರಾಗಿ ಎಳೆಯುತ್ತಾನೆ. ಎಳೆದಷ್ಟೂ ಕೆಂಡ ಕಾಯುತ್ತದೆ. ಕಾದಷ್ಟೂ ತಂಬಾಕಿನ ತೇವ ಆವಿಯಾಗಿ ಹೊಗೆಯೊಂದಿಗೆ ಬರುತ್ತದೆ. ಆ ಆವಿ ತಣ್ಣಗಿನ ಕೊಳವೆಯಲ್ಲಿ ನೀರಾಗುತ್ತದೆ, ಉಳಿದದ್ದು ನಾಲಿಗೆಯನ್ನು ಸುಡುತ್ತದೆ. ಆದ್ದರಿಂದ ಚಕ್ಕೆಗೆ ಒಪ್ಪುವ ಪೈಪು ಎಂದರೆ, ಮೆಲ್ಲನೆ ಎಳೆದರೂ ಕೆಂಡ ಆರದಂತೆ ನೋಡಿಕೊಳ್ಳುವ ಪೈಪು. ಮಿಕ್ಕ ಲೆಕ್ಕಾಚಾರವೆಲ್ಲ ಈ ಒಂದು ಅಗತ್ಯದಿಂದ ಹುಟ್ಟಿದ್ದು.

ಮಿಲಿಮೀಟರುಗಳ ಲೆಕ್ಕ

ಪೈಪಿನ ಅಂಗಗಳು ಹೆಚ್ಚಿಲ್ಲ. ತಂಬಾಕು ತುಂಬುವ ಕುಳಿ, ಕುಳಿಯ ತಳದಿಂದ ಮರದ ಕತ್ತಿನೊಳಗೆ ಹಾಯುವ ಹೊಗೆನಾಳ, ಕತ್ತಿನ ತುದಿಯ ಗೂಡಿಗೆ ಗೂಟದಂತೆ ಸಿಕ್ಕಿಕೊಳ್ಳುವ ಬಾಯಿಕೊಳವೆ. ಇಷ್ಟೇ.

ಮೊದಲು ಕುಳಿ. ಸಾಮಾನ್ಯ ಪೈಪುಗಳಲ್ಲಿ ಇದರ ಬಾಯಿ 19–20 ಮಿಲಿಮೀಟರ್ ಅಗಲ. ಚಕ್ಕೆ ಸೇದುವವರಲ್ಲಿ ಬಹಳಷ್ಟು ಮಂದಿ ಅದಕ್ಕಿಂತ ಕಿರಿದಾದ, 16ರಿಂದ 18 ಮಿಲಿಮೀಟರಿನ, ಆದರೆ 40 ಮಿಲಿಮೀಟರಿಗಿಂತ ಆಳವಾದ ಕುಳಿಯನ್ನು ಬಯಸುತ್ತಾರೆ. ಕಿರಿದಾದ ಕುಳಿಯಲ್ಲಿ ಕೆಂಡದ ಹರವು ಚಿಕ್ಕದು. ಮೆಲ್ಲನೆಯ ಎಳೆತವೇ ಅದನ್ನು ಜೀವಂತವಾಗಿಡಲು ಸಾಕು. ಆಳವಿದ್ದರೆ ಉದ್ದನೆಯ ಚಕ್ಕೆಯನ್ನು ಮಡಚಿ ನಿಲ್ಲಿಸಬಹುದು. 'ಚಿಮಣಿ' ಎಂದೇ ಕರೆಯುವ ಎತ್ತರದ ಬಟ್ಟಲಿನ ಪೈಪುಗಳಿಗೆ ಈ ವರ್ಗದ ಗಿರಾಕಿಗಳಲ್ಲಿ ಬೇಡಿಕೆ ಇರುವುದು ಇದಕ್ಕೇ. ಹಲವು ಎಲೆಗಳ ಸಡಿಲ ಮಿಶ್ರಣ ಸೇದುವವರು ಅಗಲ ಬಾಯಿಯ ಗಿಡ್ಡ 'ಪಾಟ್' ಮಾದರಿಯನ್ನು ಮೆಚ್ಚುತ್ತಾರೆ.

ಈ ಮಾತಿಗೆ ವಿರೋಧವೂ ಇದೆ. ಚಕ್ಕೆಯನ್ನು ಮಡಚಿ ತುಂಬಲು ಅಗಲವಾದ ಕುಳಿಯೇ ಅನುಕೂಲ, ಕಿರಿದಾದದ್ದರಲ್ಲಿ ಅದು ಉಬ್ಬಿ ಉಸಿರುಗಟ್ಟುತ್ತದೆ ಎನ್ನುವ ಅನುಭವಿಗಳು ಕಡಿಮೆಯೇನಲ್ಲ. ಎರಡೂ ಕಡೆಯವರು ತಪ್ಪು ಹೇಳುತ್ತಿಲ್ಲ. ಚಕ್ಕೆಯನ್ನು ಹಾಗೆಯೇ ಮಡಚಿ ತುಂಬುವವರಿಗೂ, ಅಂಗೈಯಲ್ಲಿ ಉಜ್ಜಿ ಬಿಡಿಸಿ ತುಂಬುವವರಿಗೂ ಒಂದೇ ಅಳತೆ ಹೊಂದಬೇಕಿಲ್ಲ. ಆದರೆ ಎರಡನೆಯ ರಂಧ್ರದ ವಿಷಯದಲ್ಲಿ ಭಿನ್ನಮತ ಬಹುತೇಕ ಇಲ್ಲ.

ಆ ರಂಧ್ರ ಹೊಗೆನಾಳ. ಅದು ಕುಳಿಯ ತಳದಲ್ಲಿ, ನಟ್ಟನಡುವೆ ತೆರೆದುಕೊಳ್ಳಬೇಕು. ಎರಡು ಮಿಲಿಮೀಟರ್ ಮೇಲೆ ತೆರೆದುಕೊಂಡರೂ ಅದರ ಕೆಳಗಿನ ತಂಬಾಕಿಗೆ ಗಾಳಿಯ ಸೆಳೆತ ಮುಟ್ಟುವುದಿಲ್ಲ. ಅದು ಕೊನೆಯವರೆಗೂ ಒದ್ದೆಮುದ್ದೆಯಾಗಿ ಉಳಿಯುತ್ತದೆ. ಪಕ್ಕಕ್ಕೆ ವಾಲಿದರೆ ಕೆಂಡವೂ ಪಕ್ಕಕ್ಕೆ ವಾಲುತ್ತದೆ, ಒಂದು ಗೋಡೆ ಮಾತ್ರ ಸುಡುತ್ತದೆ. ಸಡಿಲ ತಂಬಾಕು ಇಂಥ ದೋಷಗಳನ್ನು ಒಂದಿಷ್ಟು ಮನ್ನಿಸುತ್ತದೆ. ಒತ್ತಿದ ತಂಬಾಕು ಮನ್ನಿಸುವುದಿಲ್ಲ. ನೇರ ಪೈಪಿನಲ್ಲಿ ಈ ಕೊರೆತ ಅಷ್ಟು ಕಷ್ಟವಲ್ಲ. ಬಾಗಿದ ಪೈಪಿನಲ್ಲಿ ಮಾತ್ರ ಓರೆಯಾಗಿ ಹಾಯುವ ನೇರ ಕೊರೆತವು ಕಾಣದ ಒಂದು ಬಿಂದುವನ್ನು ನಿಖರವಾಗಿ ಮುಟ್ಟಬೇಕು.

ನಾಳದ ಅಗಲ ಸಾಮಾನ್ಯವಾಗಿ 3.5ರಿಂದ 4 ಮಿಲಿಮೀಟರ್. ಅದಕ್ಕಿಂತ ಕಿರಿದಾದರೆ ಎಳೆತ ಬಿಗಿಯಾಗುತ್ತದೆ; ಸೇದುಗ ಮತ್ತೆ ಜೋರು ಎಳೆಯುತ್ತಾನೆ, ಹಳೆಯ ತೊಂದರೆಗಳೆಲ್ಲ ಮರಳುತ್ತವೆ. ಸಾಧಾರಣ ಪೈಪುಗಳು ಸೋಲುವುದು ಹೆಚ್ಚಾಗಿ ಕೀಲಿನಲ್ಲಿ. ಮರದಲ್ಲಿ ನಾಳ ಸರಿಯಿದ್ದರೂ ಬಾಯಿಕೊಳವೆಯ ಗೂಟದೊಳಗೆ ಅದು ಕಿರಿದಾಗಿರುತ್ತದೆ, ಅಥವಾ ಗೂಟ ಗೂಡಿನ ತಳವನ್ನು ಮುಟ್ಟದೆ ನಡುವೆ ಖಾಲಿ ಜಾಗ ಉಳಿದಿರುತ್ತದೆ. ಆ ಖಾಲಿ ಜಾಗದಲ್ಲಿ ಹೊಗೆ ಸುಳಿಗೊಂಡು ತಣಿದು ನೀರು ಬಿಡುತ್ತದೆ ಎಂಬುದು ಕುಶಲಕರ್ಮಿಗಳ ವಾದ. ಗುಳುಗುಳು ಸದ್ದಿನ ತವರು ಅದೇ. ಕೊನೆಯಲ್ಲಿ, ಹಲ್ಲಿನ ನಡುವೆ ನಿಲ್ಲುವ ತುದಿಯಲ್ಲಿ ನಾಳವು ಚಪ್ಪಟೆಯಾಗಿ ಬೀಸಣಿಗೆಯಂತೆ ಅಗಲಗೊಳ್ಳಬೇಕು. ಈ ಕೆಲಸ ಸೂಜಿಯಂಥ ಅರಗಳಿಂದ ಕೈಯಲ್ಲೇ ನಡೆಯುವಂಥದ್ದು.

ಇದನ್ನೆಲ್ಲ ಅಳೆಯಲು ಅಂಗಡಿಯಲ್ಲಿ ಕೊಳ್ಳುವವನ ಬಳಿ ಉಪಕರಣ ಇರುವುದಿಲ್ಲ. ಹಳಬರು ನಂಬುವ ಪರೀಕ್ಷೆ ಒಂದಿದೆ. ಪೈಪು ಶುಚಿಗೊಳಿಸುವ ನಾರಿನ ಕಡ್ಡಿಯನ್ನು ಬಾಯಿಯ ತುದಿಯಿಂದ ತೂರಿಸಿದರೆ ಎಲ್ಲಿಯೂ ತಡೆಯದೆ ಕುಳಿಯ ತಳದಲ್ಲಿ ತುದಿ ಕಾಣಿಸಿಕೊಳ್ಳಬೇಕು. ಕಾಣಿಸಿಕೊಂಡರೆ ನಾಳ ನೇರವಾಗಿದೆ, ತೆರೆದಿದೆ ಎಂದರ್ಥ. ಇದಕ್ಕೆ ಗೌರವಾನ್ವಿತ ಅಪವಾದ ಐರ್ಲೆಂಡಿನ ಪೀಟರ್ಸನ್ ಪೈಪು. ಡಬ್ಲಿನ್‌ನಲ್ಲಿ ನೆಲೆಸಿದ್ದ ಚಾರ್ಲ್ಸ್ ಪೀಟರ್ಸನ್ 1890ರಲ್ಲಿ ಪೇಟೆಂಟ್ ಪಡೆದ 'ಸಿಸ್ಟಮ್' ವಿನ್ಯಾಸದಲ್ಲಿ ಕತ್ತಿನೊಳಗೆ ಬೇಕೆಂದೇ ಒಂದು ತೊಟ್ಟಿ ಕೊರೆದಿರುತ್ತದೆ. ನೀರು ಅದರಲ್ಲಿ ಇಳಿದು ನಿಲ್ಲುತ್ತದೆ, ಹೊಗೆ ಒಣಗಿ ಮುಂದೆ ಸಾಗುತ್ತದೆ. ನಾರಿನ ಕಡ್ಡಿ ಕೂಡ ಆ ತೊಟ್ಟಿಯಲ್ಲೇ ಸಿಕ್ಕಿಕೊಳ್ಳುತ್ತದೆ! ಕೆಂಡಲ್‌ನ ತೇವದ ಚಕ್ಕೆ ಸೇದುವವರಲ್ಲಿ ಇದಕ್ಕೆ ಇಂದಿಗೂ ನಿಷ್ಠರಿದ್ದಾರೆ.

ಗುಲಾಬಿಯಲ್ಲ, ಬ್ರಯರ್

ಇಷ್ಟು ಬಿಸಿಯನ್ನು ದಿನವೂ ತಡೆಯಬಲ್ಲ ಮರ ಯಾವುದು? ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಯೂರೋಪು ಸೇದುತ್ತಿದ್ದುದು ಹೆಚ್ಚಾಗಿ ಮಣ್ಣಿನ ಪೈಪುಗಳಲ್ಲಿ. ಉಳ್ಳವರು ತುರ್ಕಿಯ ಎಸ್ಕಿಶೆಹಿರ್‌ನಿಂದ ಬರುತ್ತಿದ್ದ ಮೀರ್‌ಶಾಮ್ ಎಂಬ ಬಿಳಿ ಖನಿಜದ ಪೈಪುಗಳಲ್ಲಿ. ಮಣ್ಣು ಬೆರಳು ಸುಡುತ್ತಿತ್ತು, ಕೈ ಜಾರಿದರೆ ಒಡೆಯುತ್ತಿತ್ತು. 1850ರ ದಶಕದಲ್ಲಿ ಫ್ರಾನ್ಸಿನ ಜೂರಾ ಬೆಟ್ಟಗಳ ನಡುವಣ ಸೇಂಟ್ ಕ್ಲಾಡ್ ಎಂಬ ಪಟ್ಟಣದ ಮರ ತಿರುಗಣಿಗಾರರು ಹೊಸ ಮರವೊಂದನ್ನು ಹಿಡಿದರು. ಅದೇ ಬ್ರಯರ್.

ಹೆಸರು ಕೇಳಿ ಇದು ಗುಲಾಬಿ ಜಾತಿಯ ಮುಳ್ಳುಪೊದೆ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು ಕಲ್ಪನೆ. ಫ್ರೆಂಚಿನ 'ಬ್ರುಯೇರ್' ಎಂಬ ಪದ ಇಂಗ್ಲಿಷರ ನಾಲಿಗೆಯಲ್ಲಿ ಬ್ರಯರ್ ಆಯಿತು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಎರಿಕಾ ಆರ್ಬೋರಿಯಾ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಲ್ಲಿ ಬೆಳೆಯುವ ಬಿಳಿ ಹೂವಿನ ಪೊದೆಮರ. ಪೈಪಿಗೆ ಬರುವುದು ಇದರ ಕಾಂಡವಲ್ಲ, ಬೇರೂ ಅಲ್ಲ. ಕಾಂಡ ಮತ್ತು ಬೇರು ಕೂಡುವ ಜಾಗದಲ್ಲಿ ಮಣ್ಣಿನೊಳಗೆ ಗಡ್ಡೆಯಂತೆ ಉಬ್ಬುವ ಗಂಟು. ಬರ ಬಂದಾಗ ಗಿಡವನ್ನು ಕಾಯುವುದು, ಕಾಳ್ಗಿಚ್ಚಿನಲ್ಲಿ ಮೇಲಿನ ಭಾಗ ಸುಟ್ಟುಹೋದಾಗ ಹೊಸ ಚಿಗುರು ಹೊರಡಿಸುವುದು ಇದೇ ಗಂಟು. ಬೆಂಕಿಯನ್ನು ಬದುಕಿ ಉಳಿಯಲೆಂದೇ ಬೆಳೆದ ಮರದ ಭಾಗ ಬೆಂಕಿಯ ಬಟ್ಟಲಾಗಿದೆ.

ಪೈಪಿಗೆ ಯೋಗ್ಯವಾಗಲು ಗಂಟಿಗೆ ಮೂವತ್ತು ವರ್ಷವಾದರೂ ಆಗಿರಬೇಕು. ಇಟಲಿಯ ಕಲಾಬ್ರಿಯಾ, ಟಸ್ಕನಿ, ಲಿಗೂರಿಯಾ, ಫ್ರಾನ್ಸಿನ ಕಾರ್ಸಿಕಾ, ಗ್ರೀಸ್, ಅಲ್ಜೀರಿಯಾಗಳ ಗುಡ್ಡಗಳಿಂದ ಇದನ್ನು ಅಗೆದು ತರುತ್ತಾರೆ. ತಂದ ಗಂಟು ಒಣಗಿದರೆ ಬಿರಿಯುತ್ತದೆ. ಹೀಗಾಗಿ ಕೊಯ್ಯುವವರೆಗೂ ಅದನ್ನು ತೇವವಾಗಿಡಬೇಕು. ಕೊಯ್ಯುವವನು ಪ್ರತಿ ಗಂಟನ್ನೂ ಕೈಯಲ್ಲಿ ಹಿಡಿದು, ಗರಗಸದ ಚಕ್ರಕ್ಕೆ ಒಡ್ಡುವ ಮುನ್ನ ಅದರ ಎಳೆ ಯಾವ ಕಡೆಗೆ ಓಡಿದೆ, ಬಿರುಕು ಎಲ್ಲಿದೆ ಎಂದು ಓದಬೇಕು. ಕೊಯ್ದ ತುಂಡುಗಳನ್ನು ಕೊಪ್ಪರಿಗೆಗಳಲ್ಲಿ 12 ಗಂಟೆಗೂ ಹೆಚ್ಚು ಕಾಲ ಕುದಿಸುತ್ತಾರೆ. ಕಹಿ ಕೊಡುವ ಒಗರು ರಸ ಆಗ ಇಳಿದುಹೋಗುತ್ತದೆ. ಬಳಿಕ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ನೆರಳಿನಲ್ಲಿ ಒಣಗುವಿಕೆ. ಈ ಹಂತದಲ್ಲಿ ಅವಸರ ಮಾಡಿದ ಮರದ ಪೈಪು ಹೊರಗೆ ಎಷ್ಟೇ ಮಿಂಚಿದರೂ ಮೊದಲ ಹತ್ತಾರು ಬಟ್ಟಲು ಕಹಿಯಾಗಿಯೇ ಇರುತ್ತದೆ.

ಭಾರತದ ಮಾರುಕಟ್ಟೆಯಲ್ಲಿ ಬೀಟೆ, ಶೀಶಮ್ ಮರಗಳ ಅಗ್ಗದ ಪೈಪುಗಳೂ ಸಿಗುತ್ತವೆ. ನೋಡಲು ಚೆಂದ. ಆದರೆ ಈ ಮರಗಳಲ್ಲಿ ಎಣ್ಣೆ, ಅಂಟುಗಳು ಹೆಚ್ಚು. ಬಿಸಿ ತಾಗಿದಾಗ ಅವುಗಳ ರುಚಿ ಹೊಗೆಗೆ ಇಳಿಯುತ್ತದೆ, ಮರವೂ ಬೇಗ ಕರಕಲಾಗುತ್ತದೆ. ಗಂಟೆಗಟ್ಟಲೆ ಕೆಂಡ ಹಿಡಿದಿಡುವ ಚಕ್ಕೆಗೆ ಇವು ಸರಿಹೊಂದುವಂಥವಲ್ಲ. ಮೇಜಿನ ಮೇಲೆ ಅಲಂಕಾರಕ್ಕೆ ಇಡಲು ಅಡ್ಡಿಯಿಲ್ಲ.

ಕೈಕೆಲಸ ಮತ್ತು ಕಾರ್ಖಾನೆ

ಕಾರ್ಖಾನೆಯ ಪೈಪು ಕೆಟ್ಟದ್ದು, ಕೈಯಿಂದ ಮಾಡಿದ್ದು ಒಳ್ಳೆಯದು ಎಂಬ ಸರಳ ತೀರ್ಪು ಇಲ್ಲಿ ಸಲ್ಲದು. ಲಂಡನ್ನಿನಲ್ಲಿ 1907ರಲ್ಲಿ ತಂಬಾಕಿನ ಅಂಗಡಿ ತೆರೆದ ಆಲ್ಫ್ರೆಡ್ ಡನ್‌ಹಿಲ್ ಕೆಲವೇ ವರ್ಷಗಳಲ್ಲಿ ಸ್ವಂತ ಪೈಪು ತಯಾರಿಕೆಗೂ ಇಳಿದರು. ಅವರ ಕಾರ್ಖಾನೆಯ ಪೈಪುಗಳು ಒಳಗೆಲಸದ ಅಚ್ಚುಕಟ್ಟಿಗೆ ದಶಕಗಳ ಕಾಲ ಮಾದರಿಯಾಗಿದ್ದವು. ಕಾರ್ಖಾನೆಯ ನಿಜವಾದ ಕಷ್ಟ ಬೇರೆ. ಅಲ್ಲಿ ಆಕಾರ ಮೊದಲೇ ನಿಗದಿಯಾಗಿರುತ್ತದೆ, ಮರ ಅದಕ್ಕೆ ಬಗ್ಗಬೇಕು. ಕೊರೆತದ ಕೋನವೂ ನಿಗದಿ. ಸಾವಿರ ತುಂಡುಗಳಲ್ಲಿ ಎಷ್ಟೋ ಸರಿಯಾಗಿ ಬರುತ್ತವೆ, ಕೆಲವು ಕೂದಲೆಳೆಯಷ್ಟು ತಪ್ಪುತ್ತವೆ. ತಪ್ಪಿದವೂ ಅದೇ ಹೊಳಪು, ಅದೇ ಮುದ್ರೆ ಹೊತ್ತು ಅದೇ ಕಪಾಟಿನಲ್ಲಿ ಕೂರುತ್ತವೆ.

ಈ ಕ್ರಮವನ್ನು ತಲೆಕೆಳಗು ಮಾಡಿದ ಕೀರ್ತಿ ಎರಡನೆಯ ಮಹಾಯುದ್ಧದ ನಂತರದ ಕೋಪನ್‌ಹೇಗನ್ ನಗರಕ್ಕೆ ಸಲ್ಲುತ್ತದೆ. ಸ್ವೀಡನ್ ಮೂಲದ ಸಿಕ್ಸ್ಟನ್ ಇವಾರ್ಸನ್ (1910–2001) ಪೈಪು ಲೋಕಕ್ಕೆ ಬಂದದ್ದು ಕಲಾವಿದರಾಗಿ ಅಲ್ಲ, ದುರಸ್ತಿಗಾರರಾಗಿ. ದುರಸ್ತಿಗೆ ಬಂದ ಪೈಪುಗಳೆಂದರೆ ಒಂದಲ್ಲ ಒಂದು ಕಡೆ ಸೋತ ಪೈಪುಗಳು. ಎಲ್ಲಿ ಬಿರಿಯುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಯಾವ ಕೀಲು ಸಡಿಲಗೊಳ್ಳುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇರಲಾರದು. ಮುಂದೆ ಸ್ವಂತ ಪೈಪು ಮಾಡಲು ಕುಳಿತಾಗ ಅವರು ಮರದ ಎಳೆಯನ್ನು ಮೊದಲು ನೋಡಿ, ಅದು ಓಡಿದ ದಿಕ್ಕಿಗೆ ಆಕಾರ ಕೊಟ್ಟರು. ಡೇನಿಶ್ ಶೈಲಿ ಎಂದು ಜಗತ್ತು ಇಂದು ಕರೆಯುವ ಹರಿಯುವ ಗೆರೆಗಳ ಪೈಪು ಹೀಗೆ ರೂಪುಗೊಂಡಿತು. ಸ್ಟಾನ್‌ವೆಲ್ ಎಂಬ ಡೇನಿಶ್ ಕಾರ್ಖಾನೆಗೂ ಅವರು ಹಲವು ವಿನ್ಯಾಸ ಮಾಡಿಕೊಟ್ಟರು. ಹೀಗಾಗಿ ಕೈಕೆಲಸದ ಗುಣ ಒಂದಿಷ್ಟು ಸಾಮಾನ್ಯ ಗಿರಾಕಿಗೂ ತಲುಪಿತು.

ಅವರ ಬಳಿ ಕಲಿತ ಜೆಸ್ ಕೋನೋವಿಚ್, ಜಪಾನಿನ ಹಿರೋಯುಕಿ ತೊಕುತೋಮಿ ಮುಂತಾದವರು ತಾವೇ ದೊಡ್ಡ ಹೆಸರುಗಳಾದರು. ಮಗ ಲಾರ್ಸ್, ಮೊಮ್ಮಗಳು ನನ್ನಾ ಕೂಡ ಅದೇ ಕಸುಬು ಹಿಡಿದರು. ಇಂಥವರ ಪೈಪುಗಳನ್ನು ಕೊಳ್ಳುವವರು ಹೊರಮೈಯ ಸೊಬಗನ್ನು ಕೊಂಡಾಡುವುದೇ ಹೆಚ್ಚು. ಆದರೆ ಆ ಸೊಬಗಿನ ಹಿಂದೆ ನಾಳದ ಕೀಲಿನಲ್ಲಿ ಒಂದು ಹನಿ ನೀರೂ ನಿಲ್ಲಬಾರದೆಂಬ ದುರಸ್ತಿಗಾರನ ಹಟವಿದೆ.

ಬೆಲೆಯ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಬ್ರಯರ್ ಗಂಟು ಬೆಳೆಯುವಾಗ ಮಣ್ಣು, ಕಲ್ಲಿನ ಕಣಗಳನ್ನು ನುಂಗಿಕೊಂಡಿರುತ್ತದೆ. ಹೊರಗಿನಿಂದ ಅದು ಕಾಣದು. ಕುಶಲಕರ್ಮಿ ದಿನವಿಡೀ ಕೆತ್ತಿ, ಕೊರೆದು, ಕೊನೆಯ ಉಜ್ಜುವಿಕೆಗೆ ಬಂದಾಗ ಸಾಸಿವೆಯಷ್ಟು ಕುಳಿ ಮೇಲೆದ್ದು ಬರುತ್ತದೆ. ಅಗ್ಗದ ಪೈಪಿನಲ್ಲಿ ಅದಕ್ಕೆ ಮೇಣದಂಥ ಅಂಟು ತುಂಬಿ ಬಣ್ಣ ಬಳಿಯುತ್ತಾರೆ. ಹೆಸರುಳ್ಳವನು ಹಾಗೆ ಮಾಡುವಂತಿಲ್ಲ. ಆ ತುಂಡನ್ನು ಒಲೆಗೆ ಹಾಕಬೇಕು, ಇಲ್ಲವೇ ಮರಳು ಸಿಡಿಸಿ ಮೇಲ್ಮೈಯನ್ನು ಒರಟಾಗಿಸಿ ಕುಳಿಯನ್ನು ಕರಗಿಸಬೇಕು. ಡನ್‌ಹಿಲ್ ಸಂಸ್ಥೆ 1917ರ ಹೊತ್ತಿಗೆ 'ಶೆಲ್' ಎಂಬ ಹೆಸರಿನಲ್ಲಿ ಬಳಕೆಗೆ ತಂದ ಈ ವಿಧಾನದ ಪೈಪು ನುಣುಪು ಪೈಪಿಗಿಂತ ಅಗ್ಗ. ಸೇದಲು ಮಾತ್ರ ಯಾವ ಕೊರತೆಯೂ ಇಲ್ಲ. ಚಕ್ಕೆ ಸೇದುವುದೇ ಉದ್ದೇಶವಾದವನು ನುಣುಪು ಮೈಗೆ ಹೆಚ್ಚಿನ ಹಣ ಕೊಡಬೇಕಾದ ಕಾರಣವಿಲ್ಲ.

ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಮರದ ಪೈಪೇ ಬೇಕೆಂದಿಲ್ಲ. ಅಮೆರಿಕದ ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಪುಟ್ಟ ಪಟ್ಟಣದಲ್ಲಿ 1869ರಿಂದ ಮೆಕ್ಕೆಜೋಳದ ದಿಂಡಿನ ಪೈಪುಗಳನ್ನು ಮಾಡುತ್ತಿದ್ದಾರೆ. ಕೆಲವೇ ಡಾಲರುಗಳ ಆ ಪೈಪು ತೇವವನ್ನು ತಾನೇ ಹೀರಿಕೊಳ್ಳುತ್ತದೆ, ಚಕ್ಕೆಯನ್ನು ಒಪ್ಪವಾಗಿ ಉರಿಸುತ್ತದೆ. ಕೆಲವು ವರ್ಷಕ್ಕೆ ಸುಟ್ಟುಹೋಗುತ್ತದೆ ಎಂಬುದಷ್ಟೇ ಅದರ ಮೇಲಿನ ದೂರು. ಸಾವಿರ ಡಾಲರಿನ ಪೈಪಿನ ಮಾಲೀಕರು ಈ ಮಾತನ್ನು ತುಸು ಮೆಲುದನಿಯಲ್ಲಿ ಒಪ್ಪಿಕೊಳ್ಳುತ್ತಾರೆ.

ತುಂಬುವ ಬಗೆ

ಪೈಪು ಎಷ್ಟೇ ಚೆನ್ನಾಗಿದ್ದರೂ ತುಂಬುವ ಕೈ ತಪ್ಪಿದರೆ ಫಲವಿಲ್ಲ. ಒಂದು ಪದ್ಧತಿ: ಚಕ್ಕೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಚಿ, ಎಳೆಗಳು ನಿಲುವಾಗಿರುವಂತೆ ಕುಳಿಗೆ ಇಳಿಬಿಡುವುದು. ಮೇಲೆ ಒಂದು ಚಿಟಿಕೆ ಉಜ್ಜಿದ ಪುಡಿ, ಬೆಂಕಿ ಹಿಡಿಯಲು. ತಳದಲ್ಲಿ ತುಸು ಖಾಲಿ ಬಿಡುವುದು ಜಾಣತನ. ಉಬ್ಬಲು ಜಾಗ ಬೇಕಲ್ಲ. ಇನ್ನೊಂದು: ಅಂಗೈಗಳ ನಡುವೆ ಉಜ್ಜಿ ಎಳೆ ಬಿಡಿಸುವುದು. ಬೇಗ ಹೊತ್ತುತ್ತದೆ, ಅಷ್ಟೇ ಬೇಗ ಮುಗಿಯುತ್ತದೆ. ಮೂರನೆಯವರು ಕತ್ತರಿಯಿಂದ ಸಣ್ಣ ಚೌಕಗಳಾಗಿ ಕತ್ತರಿಸಿ ಸುರಿಯುತ್ತಾರೆ. ಯಾವುದೇ ಆದರೂ ಡಬ್ಬಿಯಿಂದ ತೆಗೆದ ಚಕ್ಕೆಯನ್ನು ಸ್ವಲ್ಪ ಹೊತ್ತು ಗಾಳಿಗಿಟ್ಟು ಆರಿಸುವುದು ವಾಡಿಕೆ. ಮಳೆಗಾಲದ ಕರಾವಳಿ, ಮಲೆನಾಡುಗಳಲ್ಲಿ ಅದು ಆರುವುದು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಗಂಟೆಯ ಹೊಗೆ

ಪೈಪಿನ ಕುರಿತು ಬಹುಕಾಲದಿಂದ ಬೇರೂರಿದ ನಂಬಿಕೆಯೊಂದಿದೆ. ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಿಯಲ್ಲೇ ಆಡಿಸಿ ಬಿಡುತ್ತಾರೆ, ಆದ್ದರಿಂದ ಅಪಾಯವಿಲ್ಲ ಎಂಬುದು ಆ ನಂಬಿಕೆ. ಒಳ್ಳೆಯ ಪೈಪು, ಶುದ್ಧ ಎಲೆ, ನಿಧಾನದ ಸೇದುವಿಕೆ ಎಂಬ ಮಾತುಗಳು ಈ ನಂಬಿಕೆಗೆ ಇನ್ನಷ್ಟು ಮರ್ಯಾದೆಯ ಅಂಗಿ ತೊಡಿಸುತ್ತವೆ. ಅಂಕಿಅಂಶಗಳು ಅದನ್ನು ಒಪ್ಪುವುದಿಲ್ಲ. ಪೈಪು ಸೇದುವಿಕೆಗೂ ತುಟಿಯ ಕ್ಯಾನ್ಸರಿಗೂ ನಂಟಿರುವುದನ್ನು ಅಮೆರಿಕದ ಸರ್ಜನ್ ಜನರಲ್ ವರದಿ 1964ರಷ್ಟು ಹಿಂದೆಯೇ ಗುರುತಿಸಿತ್ತು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಸಂಶೋಧಕರು 1.38 ಲಕ್ಷ ಪುರುಷರ ಮಾಹಿತಿ ಆಧರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟ. ತಂಬಾಕನ್ನೇ ಮುಟ್ಟದವರಿಗೆ ಹೋಲಿಸಿದರೆ, ಪೈಪು ಮಾತ್ರ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಸುಮಾರು ಐದು ಪಟ್ಟು, ಗಂಟಲಿನ ಧ್ವನಿಪೆಟ್ಟಿಗೆಯ ಕ್ಯಾನ್ಸರಿನಿಂದ ಸಾಯುವ ಸಂಭವ ಹದಿಮೂರು ಪಟ್ಟು ಹೆಚ್ಚಾಗಿತ್ತು. ಸಿಗರೇಟು ಸೇದುವವರಿಗಿಂತ ಒಟ್ಟಾರೆ ಅಪಾಯ ಕಡಿಮೆ ಎಂದು ಅದೇ ಅಧ್ಯಯನ ಹೇಳಿದ್ದೂ ನಿಜ. ಅದನ್ನು ಸುರಕ್ಷಿತ ಎಂದು ಓದಿಕೊಳ್ಳುವಂತಿಲ್ಲ.

ಚಕ್ಕೆಯ ವಿಷಯದಲ್ಲಿ ಒಂದು ಸಂಗತಿಯನ್ನು ಪ್ರತ್ಯೇಕವಾಗಿ ಗಮನಿಸಬೇಕು. ನಿಧಾನವಾಗಿ ಉರಿಯುವುದೇ ಅದರ ಹೆಗ್ಗಳಿಕೆ. ಒಂದು ಬಟ್ಟಲು ಮುಗಿಯಲು ಒಂದು ಗಂಟೆ ಹಿಡಿಯುವುದುಂಟು. ಅಷ್ಟು ಹೊತ್ತೂ ಬಾಯಿ, ಗಂಟಲು ಹೊಗೆಯ ಸಂಪರ್ಕದಲ್ಲೇ ಇರುತ್ತವೆ. ಅದೇ ಕೋಣೆಯಲ್ಲಿ ಕುಳಿತ ಮನೆಯವರೂ ಇರುತ್ತಾರೆ. ಕುಶಲಕರ್ಮಿ ತನ್ನ ಕೊರೆತದಿಂದ ನಾಲಿಗೆಯ ಉರಿಯನ್ನು ತಪ್ಪಿಸಬಲ್ಲ. ಹೊಗೆಯೊಳಗಿನ ಟಾರ್ ಅನ್ನು ತಪ್ಪಿಸಲಾರ.

ಕಾನೂನಿನ ಕಣ್ಣಿಗೂ ಪೈಪು ಬೇರೆಯಲ್ಲ. ಕೇಂದ್ರ ಸರ್ಕಾರದ 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆಯ ಪಟ್ಟಿಯಲ್ಲಿ ಬೀಡಿ, ಚುಟ್ಟ, ನಶ್ಯಗಳ ಜೊತೆಗೆ ಪೈಪು ತಂಬಾಕಿನ ಹೆಸರೂ ಇದೆ. ಕರ್ನಾಟಕವು ಈ ಕಾಯಿದೆಗೆ ತಂದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಯವರ ಅಂಕಿತ ಪಡೆಯಿತು. ಅದರಂತೆ ರಾಜ್ಯದಲ್ಲಿ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿದೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ವಿಧಿಸುವ ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಹೆಚ್ಚಿದೆ, ಹುಕ್ಕಾ ಬಾರ್‌ಗಳಿಗೆ ನಿಷೇಧ ಬಿದ್ದಿದೆ. ಕೋಪನ್‌ಹೇಗನ್‌ನಲ್ಲಿ ಕೆತ್ತಿದ ಪೈಪಿನಲ್ಲಿ ಕೆಂಡಲ್‌ನ ಚಕ್ಕೆ ತುಂಬಿ ಕಬ್ಬನ್ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತವನಿಗೂ ಇದೇ ದಂಡ.